ವೈನಿಗೆ ಕೊಟ್ಟ ಹಲ್ಲಿಮರಿ

ವೈನಿ, ನಿಮ್ಮ ಚುಕ್ಕಿ ಸತ್ತದ್ದು ನಿಮ್ಮ ಕೈಯಿಂದಲ್ಲ. ಆ ಹಲ್ಲಿಮರಿ ಹುಟ್ಟುವಾಗಲೇ ಕೆಟ್ಟಿತ್ತು, ಕೆಡಿಸಿದವನು ನಾನು. ನನಗದು ಆಗಲೇ ಗೊತ್ತಿತ್ತು.

ಹಿಮಾಯತ್‌ನಗರದ ಮನೆಯ ಹಿಂದಿನ ಕೋಣೆಯಲ್ಲಿ ನಾನು ಸಾಕು ಹಲ್ಲಿಗಳ ಮರಿ ಮಾಡಿಸಿ ಮಾರುತ್ತಿದ್ದುದನ್ನು ನೀವು ನೋಡಿದ್ದೀರಿ. ಚಿರತೆಯಂತೆ ಚುಕ್ಕಿಯಿರುವ, ಗೋಡೆ ಹತ್ತಲು ಬಾರದ ಪರದೇಶದ ಹಲ್ಲಿಗಳು. ಗಿರಾಕಿಗಳಿಗೆ ಸಾದಾ ಬಣ್ಣ ಸಾಕಾಗುತ್ತಿರಲಿಲ್ಲ. ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕಿಯಿರುವ ಒಂದು ತಳಿಗೆ ಎಲ್ಲಿಲ್ಲದ ಬೇಡಿಕೆ. ಅದರ ಮರಿಗಳಲ್ಲಿ ಕೆಲವು ಮಾತ್ರ— ತಲೆ ಓರೆ ಮಾಡಿಕೊಂಡು ಇದ್ದಲ್ಲೇ ಗಿರಗಿರ ಸುತ್ತುತ್ತಿದ್ದವು, ಎದುರಿಗಿದ್ದ ಹುಳ ಬಿಟ್ಟು ಗಾಳಿಗೆ ಬಾಯಿ ಹಾಕುತ್ತಿದ್ದವು. ಆ ಚೆಂದವೂ ಆ ರೋಗವೂ ಒಟ್ಟಿಗೇ ಬರುತ್ತವೆಂದು ತಿಳಿದೂ ಅದೇ ತಳಿಯ ಹೆಣ್ಣನ್ನು ಮತ್ತೆ ಗಂಡಿನ ಜೊತೆ ಬಿಟ್ಟೆ. ಬಣ್ಣ ಬಂದರೆ ಸಾಕು, ಉಳಿದದ್ದು— ಉಳಿದದ್ದನ್ನು ಯೋಚಿಸಲೇ ಇಲ್ಲ.

ಅಣ್ಣ ಹೋದ ಮೇಲೆ ಬೇಗಂಪೇಟೆಯ ಫ್ಲಾಟಿನಲ್ಲಿ ನೀವು ಮಾತು ಬಿಟ್ಟು ಕೂತಿದ್ದಿರಿ. ಜೊತೆಗಿರಲಿ ಎಂದು ಒಂದು ಮರಿ ತಂದುಕೊಟ್ಟೆ. ಅದರ ಕತ್ತು ಆಗಲೇ ವಾಲುತ್ತಿತ್ತು. ಮಾರಲಾಗದ್ದನ್ನು ಕೊಟ್ಟು ಪುಣ್ಯ ಕಟ್ಟಿಕೊಂಡೆ. ಹಲ್ಲಿ ಮೈಮೇಲೆ ಬಿದ್ದರೆ ಸ್ನಾನ ಮಾಡುವವರು ನೀವು— ಅದಕ್ಕೆ ಹೆಸರಿಟ್ಟು, ಬಲ್ಬಿನ ಶಾಖದಲ್ಲಿ ಗೂಡು ಬೆಚ್ಚಗಿಟ್ಟು, ಇಕ್ಕಳದಲ್ಲಿ ಹುಳ ಹಿಡಿದು ಬಾಯಿಗಿಟ್ಟು ಸಾಕಿದಿರಿ.

ಅದು ಸತ್ತ ದಿನ ಕೇಳಿದಿರಿ: "ನನ್ನಿಂದ ಏನರ ತಪ್ಪಾತೇನಪಾ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಹೇಳಿದ್ದು ಬೇರೆ.

"ಗೂಡು ಭಾಳ ಕಾಸಿದ್ರಿ, ವೈನಿ. ಅದಕ್ಕ ಹಂಗಾತು."

ಹಲ್ಲಿ ಕೊಂದ ದೋಷಕ್ಕೆ ಕಂಚಿಗೆ ಹೋಗಿ ಚಿನ್ನದ ಹಲ್ಲಿ ಮುಟ್ಟಿ ಬರಬೇಕೆಂದು ನಿಮ್ಮ ತವರಿನವರು ಹೇಳಿದರಂತೆ. ಮೊಣಕಾಲು ನೋವಿನಲ್ಲೇ ಹೊರಟಿರಿ. ನಾಂಪಲ್ಲಿ ಸ್ಟೇಷನ್ನಿನಲ್ಲಿ ಚೀಲ ಹೊತ್ತು ನಿಮ್ಮನ್ನು ರೈಲು ಹತ್ತಿಸಿದವನು ನಾನೇ. ಜೋಪಾನ ಎಂದೆ, ನೀರಿನ ಬಾಟಲಿ ಕೊಟ್ಟೆ, ಆ ಒಂದು ಮಾತು ಮಾತ್ರ... ತಿರುಗಿ ಬಂದು ನನಗೂ ಪ್ರಸಾದ ಕೊಟ್ಟಿರಿ. ನಾಚಿಕೆಯಿಲ್ಲದೆ ತಿಂದೆ.

ಅದು ಅಲ್ಲಿಗೇ ಮುಗಿಯಿತೆಂದು ತಿಳಿದಿದ್ದೆ. ಮೊನ್ನೆ ನಿಮ್ಮ ಸೊಸೆ ಹೇಳಿದಳು— ಈಚೆಗೆ ಹುಟ್ಟಿದ ಮೊಮ್ಮಗಳನ್ನು ನೀವು ಇನ್ನೂ ಎತ್ತಿಕೊಂಡಿಲ್ಲವಂತೆ. "ನನ್ನ ಕೈಗುಣ ಛಲೋ ಇಲ್ಲ" ಅನ್ನುತ್ತೀರಂತೆ.

ಆ ತಳಿಯ ಗಂಡು ಹೆಣ್ಣುಗಳನ್ನು ಬೇರೆ ಮಾಡಿದ್ದೇನೆ. ಇನ್ನು ಮರಿ ಮಾಡಿಸುವುದಿಲ್ಲ. ಅದರಿಂದ ನಿಮಗೇನೂ ಆಗಬೇಕಾಗಿಲ್ಲ, ಗೊತ್ತು. ನಾಳೆ ಬಂದು ಸೊಸೆಯ ಎದುರಿಗೇ ಎಲ್ಲ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಹೇಳುತ್ತೇನೆ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ಮೊದಲು ಮಗುವನ್ನು ಎತ್ತಿಕೊಳ್ಳಿ, ವೈನಿ.