ಏರಿ ಬಾಗುವ ಜಾಗ

ಮಗಳು ಕೊಡಿಸಿದ ಟ್ಯಾಬ್‌ನಲ್ಲಿ ಒಂದು ಆಟವಿದೆ. ಆಕಾಶದಿಂದ ತೆಗೆದ ಫೋಟೋ ಬರುತ್ತದೆ, ಅದು ಭೂಮಿಯ ಮೇಲೆ ಎಲ್ಲಿ ಎಂದು ನಾವು ಹೇಳಬೇಕು. ಇಂದಿರಾನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಕಾಫಿ ಆದಮೇಲೆ ನಾನೂ ನನ್ನ ಯಜಮಾನರೂ ಇದನ್ನೇ ಆಡುತ್ತೇವೆ. ಇವರು ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದವರು, ಒಮ್ಮೆಯೂ ವಿಮಾನ ಹತ್ತಿದವರಲ್ಲ. ನೈಲ್ ನದಿಯನ್ನು ಕಾವೇರಿ ಅಂದುಬಿಡುತ್ತಾರೆ.

"ನಂಗೇನು ಕಾನ್ವೆಂಟಲ್ಲಿ ಅಟ್ಲಾಸ್ ಕೊಟ್ಟಿದ್ರಾ?" ಎಂದು ನನ್ನನ್ನೇ ಕೆಣಕುತ್ತಾರೆ.

ಮೊನ್ನೆ ಆಟ ನಿಲ್ಲಿಸಿ ಕೇಳಿದೆ. "ರೀ, ನಮ್ಮ ಮೊದಲ್ನೇದನ್ನ ಎಲ್ಲಿಟ್ರಿ, ತೋರಿಸ್ತೀರಾ?"

ಹನ್ನೊಂದು ದಿನ ಇದ್ದ ಮಗು. ಹಲಸೂರಿನ ತವರಿನಲ್ಲಿ ಹೆತ್ತೆ. ಅಷ್ಟು ಎಳೆಯದನ್ನು ಸುಡುವುದಿಲ್ಲ, ಹೂಳುತ್ತಾರೆ. ಬಾಣಂತಿ ಹೊಸಿಲು ದಾಟುವಂತಿರಲಿಲ್ಲ. ಇವರೂ ಮಾವನವರೂ ಜಟಕಾದಲ್ಲಿ ಕೆ.ಆರ್. ಪುರಂ ಆಚೆಯ ತಮ್ಮ ಹಳ್ಳಿಗೆ ಒಯ್ದು, ಕೆರೆ ಏರಿಯ ಕೆಳಗೆ ಮಣ್ಣು ಮಾಡಿ ಬಂದರು. ಯಾವ ಕಡೆ ಎಂದು ಕೇಳಿದ್ದಕ್ಕೆ ಅತ್ತೆ, "ಕೇಳ್ಬಾರ್ದಮ್ಮ, ಮುಂದಿಂದು ನಿಲ್ಲಲ್ಲ" ಅಂದರು. ಮುಂದಿನದು ನಿಂತಿತು, ಅವಳಿಗೂ ಈಗ ತಲೆ ನರೆತಿದೆ. ಬೇಡ ಅನ್ನುವವರು ಯಾರೂ ಉಳಿದಿಲ್ಲ. ಆದರೂ ಕೇಳಿರಲಿಲ್ಲ. ಹ್ಯಾಬಿಟ್, ಅಷ್ಟೇ.

ಇವರು ಪಂಚೆಯ ಅಂಚಿನಲ್ಲಿ ಕನ್ನಡಕ ಒರೆಸಿಕೊಂಡರು. ಟ್ಯಾಬ್‌ನಲ್ಲೇ ಮ್ಯಾಪ್ ತೆರೆದೆ. ಕೆ.ಆರ್. ಪುರಂ ರೈಲ್ವೇ ಸ್ಟೇಷನ್ ಸಿಕ್ಕಿತು, ಅರ್ಧ ಉಳಿದ ಕೆರೆಯೂ ಸಿಕ್ಕಿತು. ಸುತ್ತ ಬರೀ ತಾರಸಿಗಳು.

"ಹುಣಸೆಮರ ಇತ್ತು ಕಣೇ." ತಾರಸಿಗಳ ಮೇಲೆ ಬೆರಳಾಡಿಸಿದರು. "ಮರ್ತಿಲ್ಲ ನಾನು. ಮೇಲಿಂದ ನೋಡಿದ್ರೆ ಗೊತ್ತಾಗ್ತಿಲ್ಲ."

ಮ್ಯಾಪ್‌ನಲ್ಲಿ ನಾರ್ತ್ ಯಾವಾಗಲೂ ಮೇಲೆ ಎಂದು ಕಾನ್ವೆಂಟಿನ ಜಾಗ್ರಫಿ ಸಿಸ್ಟರ್ ಕಲಿಸಿದ್ದರು. ಆದರೆ ಇವರು ಅವತ್ತು ನಾರ್ತ್ ನೋಡಿಕೊಂಡು ಹೋದವರಲ್ಲ.

"ಏರಿ ಮೇಲೆ ನಡೀವಾಗ ನೀರು ಯಾವ ಕಡೆಗಿತ್ತು?"

"ಎಡಕ್ಕೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳ್ತಿತ್ತು."

ಟ್ಯಾಬನ್ನು ಟೀಪಾಯಿಯ ಮೇಲೆ ಮಲಗಿಸಿ, ಕೆರೆ ಎಡಕ್ಕೆ ಬರುವಂತೆ ತಿರುಗಿಸಿದೆ. ಅವರ ಬೆರಳು ಏರಿಯ ಗೆರೆಯ ಮೇಲೆ ಮೆಲ್ಲಗೆ ನಡೆಯಿತು.

"ಇಲ್ಲಿ ಏರಿ ಬಾಗತ್ತೆ. ಅಪ್ಪ ಇಲ್ಲಿ ನಿಂತ್ರು. ಕೆಳಗಿಳಿದ್ವಿ." ಬೆರಳು ನಿಂತಿತು. "ಇಲ್ಲೇ."

ಯಾರದೋ ಮನೆ. ತಾರಸಿಯ ಮೇಲೆ ಎರಡು ಕಪ್ಪು ಟ್ಯಾಂಕು, ಪಕ್ಕದಲ್ಲಿ ಕೆಂಪಗೆ ಏನೋ ಹರಡಿದ್ದರು. ಒಣಮೆಣಸಿನಕಾಯಿ ಇರಬೇಕು. ನಾನು ತುಂಬ ಹೊತ್ತು ನೋಡಿದೆ.

"ಹೋಗಿ ನೋಡ್ಕೊಂಡ್ ಬರೋಣ್ವಾ?" ಎಂದರು ಇವರು.

"ಬೇಡ ರೀ. ಆ ಮನೆಯವ್ರಿಗೆ ಏನಂತ ಹೇಳೋದು? ಪಾಪ, ನೆಮ್ಮದಿಯಾಗಿರ್ಲಿ."

ಚಿತ್ರವನ್ನು ಚಿಕ್ಕದು ಮಾಡಿದೆ. ಹಲಸೂರೂ ಒಳಗೆ ಬಂತು. ತವರಿನ ಬೀದಿಯ ಮೇಲೆ ಹೆಬ್ಬೆರಳಿಟ್ಟರೆ ಆ ಕೆರೆಗೆ ಒಂದು ಗೇಣೂ ಇಲ್ಲ.

"ಇಷ್ಟು ಹತ್ರಾನಾ?" ಅಂದೆ.

"ಅವತ್ತು ದೂರ ಇತ್ತು. ಜಟಕಾದೋನು ಸುಮ್ಸುಮ್ನೆ ಸುತ್ತು ಹಾಕ್ತಿದಾನೆ ಅಂತ ಅಪ್ಪ ಬೈದ್ರು." ಕನ್ನಡಕ ತೆಗೆದು ಟೀಪಾಯಿಯ ಮೇಲಿಟ್ಟರು. "ಮಗು ನನ್ ತೊಡೆ ಮೇಲಿತ್ತು. ಇನ್ನೂ ಒಂದು ಸುತ್ತು ಹಾಕ್ಲಿ ಅನ್ನಿಸ್ತಿತ್ತು ಕಣೇ ನಂಗೆ."