ಕೆಂಪು ಉಂಗುರ ಕತ್ತರಿಸಿದ ದಿನ

ಅವಳ ಬೆರಳಲ್ಲಿ ಒಂದು ಉಂಗುರವೂ ಇಲ್ಲ. ಆದರೂ ಡ್ರೈವರುಗಳೆಲ್ಲ ಅವಳನ್ನು ಕರೆಯುವುದು ಉಂಗುರದಕ್ಕ ಎಂದೇ. ಗಂಡ ತೀರಿಕೊಂಡ ಮೇಲೆ ಮೈದುನ ತನ್ನ ಗ್ಯಾರೇಜಿನಲ್ಲಿ, ಬಾಗಿಲ ಪಕ್ಕದ ಮೂಲೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಒಂದು ಸ್ಟೂಲು, ಗೋಡೆಯ ಮೊಳೆಗಳಿಗೆ ನೇತುಬಿದ್ದ ರಬ್ಬರ್ ಪೈಪುಗಳು, ಡಬ್ಬದ ತುಂಬ ಪೈಪಿನ ಬಾಯಿ ಬಿಗಿಯುವ ಕ್ಲಿಪ್ಪುಗಳು. ಡೀಸೆಲ್ ಎಂಜಿನ್ನನ್ನು ತಣ್ಣಗಿಡುವ ನೀರು ಓಡಾಡುವ ಪೈಪುಗಳನ್ನು ಕೂರಿಸುವುದಷ್ಟೇ ಅವಳ ಕೆಲಸ. ಮಿಕ್ಕಿದ್ದೆಲ್ಲ ಮೈದುನನದು.

ಕೂರಿಸುವುದರಲ್ಲಿ ಅವಳದೇ ಒಂದು ಕ್ರಮ. ಪೈಪು ಹೋಗಬೇಕಾದ ದಾರಿಯಲ್ಲಿ ಮೊದಲು ಹಗ್ಗ ಕಟ್ಟಿ ಎಂಜಿನ್ ಚಾಲೂ ಮಾಡಿಸುತ್ತಾಳೆ. ಎಂಜಿನ್ ನಡುಗುವಾಗ ಹಗ್ಗ ಎಲ್ಲಿ ಉಜ್ಜುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ನೋಡಿದ ಮೇಲೆಯೇ ಪೈಪಿಗೆ ಕತ್ತರಿ. ಆಮೇಲೆ ನೀರು ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಿ, ಎಂಜಿನ್ ಕಾಯಿಸಿ, ಪೂರ್ತಿ ಆರಲು ಬಿಟ್ಟು ಕ್ಲಿಪ್ಪನ್ನು ಇನ್ನೊಮ್ಮೆ ಬಿಗಿ ಮಾಡುತ್ತಾಳೆ. ಯಾರಾದರೂ ಅವಸರ ಮಾಡಿದರೆ, ರಬ್ಬರು ಇನ್ನೂ ಮುನಿಸಿಕೊಂಡಿದೆ, ಸಮಾಧಾನ ಆಗಲಿ ಎನ್ನುತ್ತಾಳೆ. ಎಲ್ಲ ಮುಗಿದ ಮೇಲೆ ಹಳೆಯ ಕೆಂಪು ವೈರಿನ ಸಿಪ್ಪೆಯನ್ನು ಉಂಗುರದಂತೆ ಸುತ್ತಿ ಕ್ಲಿಪ್ಪಿಗೆ ಸಿಕ್ಕಿಸುತ್ತಾಳೆ. ಆ ಉಂಗುರ ಕಂಡರೆ ಡ್ರೈವರು ನಿಶ್ಚಿಂತೆಯಿಂದ ಬಾನೆಟ್ ಮುಚ್ಚುತ್ತಾನೆ. ಕಾಣದಿದ್ದರೆ ಗುಡ್ಡದ ರಸ್ತೆಗೆ ಗಾಡಿ ಏರಿಸಲು ಅವನಿಗೆ ಮನಸ್ಸೇ ಬರುವುದಿಲ್ಲ.

ಒಂದು ಬೆಳಗ್ಗೆ ಶಾಲೆಯ ಬಸ್ಸು ಗ್ಯಾರೇಜಿಗೆ ಬಂತು. ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತದೆ ಎಂಬುದು ಅದರ ಯಜಮಾನನ ದೂರು. ಹೊಗೆಯಲ್ಲಿ ಒಂದಷ್ಟನ್ನು ತಣ್ಣಗೆ ಮಾಡಿ ಮತ್ತೆ ಎಂಜಿನ್ನಿಗೇ ಕಳಿಸುವ ಕೂಲರನ್ನೂ, ಹೊರಹೋಗುವ ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನೂ ಕಿತ್ತು ಬಿಸಾಡಿದರೆ ಗಾಡಿ ಹಗುರಾಗಿ ಓಡುತ್ತದೆಂದು ಯಾರೋ ಅವನ ಕಿವಿಯೂದಿದ್ದರು. ಮೈದುನ ಆಗಲಿ ಎಂದುಬಿಟ್ಟ. ಕೂಲರಿಗೆ ನೀರು ತರುವ, ಒಯ್ಯುವ ಎರಡು ಪೈಪುಗಳ ಬಾಯಿ ಸೇರಿಸಿ ಹೊಸ ದಾರಿ ಮಾಡಿಕೊಡುವುದು ಮಾತ್ರ ಅತ್ತಿಗೆಯ ಪಾಲು. ಆ ಎರಡೂ ಪೈಪುಗಳು ಅವಳೇ ಕೂರಿಸಿದವು. ಎರಡರಲ್ಲೂ ಅವಳ ಉಂಗುರವಿತ್ತು.

ಅವಳು ಆಗುವುದಿಲ್ಲ ಎಂದಳು. ಊರಲ್ಲೆಲ್ಲ ಮಾಡುತ್ತಾರೆ ಎಂದು ಮೈದುನ ಪುಸಲಾಯಿಸಿದ. ಆ ಬಸ್ಸು ನಿಲ್ಲುವ ಜಾಗವನ್ನು ಅವಳು ದಿನವೂ ನೋಡುತ್ತಿದ್ದಳು. ಮಕ್ಕಳು ಕುಳಿತು ಕಾಯುವ ಗಿಡ್ಡ ಕಟ್ಟೆಯೂ ಬಸ್ಸಿನ ಹೊಗೆ ಕೊಳವೆಯೂ ಎದುರುಬದುರು. ಕುಳಿತ ಮಗುವಿನ ಮೂಗಿಗೆ ನೇರ. ಅದನ್ನೇ ಹೇಳಿದಳು.

ಮೈದುನ ನಕ್ಕ. "ಅತ್ತಿಗೆ, ನಿಮ್ಮದು ನೀರಿನ ಇಲಾಖೆ. ಹೊಗೆ ನಮ್ಮದು, ಬಿಡಿ."

"ಹೊಗೆ ನಿಂದಾದ್ರೆ ನೀನೇ ಕುಡಿ. ಮಕ್ಕಳಿಗ್ಯಾಕೆ ಬಡಿಸ್ತೀಯಾ?"

ಅವನು ಮುಖ ಊದಿಸಿಕೊಂಡು ಇನ್ನೊಂದು ಗಾಡಿಯ ಕೆಳಗೆ ನುಸುಳಿದ. ಮಾತು ಅಲ್ಲಿಗೇ ಮುಗಿಯಿತೆಂದು ಅವಳು ಕ್ಲಿಪ್ಪು ತರಲು ಪೇಟೆಗೆ ಹೋದಳು. ಮರುದಿನ ಬರುವಷ್ಟರಲ್ಲಿ ಕೂಲರು, ಫಿಲ್ಟರು ಎರಡೂ ಗುಜರಿ ರಾಶಿಯ ಮೇಲೆ ಬಿದ್ದಿದ್ದವು. ಪೈಪುಗಳ ನಡುವೆ ಕಬ್ಬಿಣದ ಕೊಳವೆಯ ತುಂಡು ತುರುಕಿ ಮೈದುನ ತಾನೇ ಜೋಡಿಸಿದ್ದ. ಉಂಗುರಗಳನ್ನು ಮಾತ್ರ ಬಟ್ಟೆಯಿಂದ ಒರೆಸಿ, ಮೊದಲಿದ್ದಲ್ಲೇ ಇಟ್ಟಿದ್ದ. ಬಸ್ಸು ಒಯ್ಯಲು ಯಜಮಾನನ ಜೊತೆ ಬಂದ ಮೀಸೆ ಡ್ರೈವರು ಆಗಲೇ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದ. ಕೆಂಪು ಕಂಡು ತಲೆಯಾಡಿಸಿದ.

ಅವಳು ಚೀಲ ಕೆಳಗಿಟ್ಟಳು. ಸೀದಾ ಹೋಗಿ, ಕಟ್ಟರ್ ತೆಗೆದು, ಎರಡೂ ಉಂಗುರಗಳನ್ನು ಕತ್ತರಿಸಿ ಸೆರಗಿಗೆ ಗಂಟು ಹಾಕಿಕೊಂಡಳು.

ಒಂದು ಚೂರು ಪ್ಲಾಸ್ಟಿಕ್ಕಿಗೆ ಇಷ್ಟೊಂದು ಬಿಂಕವೇ ಎಂದು ಯಜಮಾನ ಗೊಣಗಿದ. ಮೈದುನನ ಮುಖ ಕೆಂಪಾಯಿತು. ಗಿರಾಕಿಯ ಎದುರು ಮಾನ ಹೋಗಿತ್ತು.

"ಉಂಗುರ ವಾಪಸ್ ಹಾಕಿ ಅತ್ತಿಗೆ. ಇಲ್ಲಾಂದ್ರೆ ಮೂಲೆ ಖಾಲಿ ಮಾಡಿ."

"ಮೂಲೆ ನಿಂದು, ಇಟ್ಕೋ. ಕೈ ನಂದು."

ಹಾಗೆಂದವಳೇ ಮೊಳೆಗಳಿಂದ ಪೈಪುಗಳನ್ನು ಒಂದೊಂದಾಗಿ ಇಳಿಸಿ ಹೆಗಲಿಗೆ ಹಾಕಿಕೊಂಡಳು. ಆ ಮೂಲೆ ಬಿಟ್ಟರೆ ಕೂರಲು ಬೇರೆ ಜಾಗವಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ನಡೆ ತಡವರಿಸಲಿಲ್ಲ. ರಸ್ತೆ ಬದಿಯಲ್ಲಿ, ಗ್ಯಾರೇಜಿನ ಹೊರಗೋಡೆಗೆ ಒರಗಿಸಿ ಸ್ಟೂಲು ಹಾಕಿ ಕುಳಿತಳು.

ಮೀಸೆ ಡ್ರೈವರು ಬಸ್ಸನ್ನು ನೋಡಿದ, ಅವಳನ್ನು ನೋಡಿದ. ಕೀಲಿಯನ್ನು ಯಜಮಾನನ ಅಂಗೈಯಲ್ಲಿಟ್ಟ. "ಮಕ್ಕಳನ್ನ ಕೂರಿಸ್ಕೊಂಡು ಇದನ್ನ ಗುಡ್ಡ ಹತ್ತಿಸಲ್ಲ ಸಾರ್. ಬೇರೆಯವರನ್ನ ನೋಡ್ಕೊಳಿ."

ಬೇರೆಯವರೂ ಬಂದರು. ಬಂದವರೆಲ್ಲ ಅಭ್ಯಾಸಬಲದಿಂದ ಮೊದಲು ಬಾನೆಟ್ ಎತ್ತಿದರು, ಏನೋ ನೆಪ ಹೇಳಿ ಜಾಗ ಖಾಲಿ ಮಾಡಿದರು. ಬಸ್ಸು ಗ್ಯಾರೇಜಿನ ನಡುವೆ ಅಡ್ಡಲಾಗಿ ನಿಂತೇ ಇತ್ತು. ಒಳಗೆ ಇನ್ನೊಂದು ಗಾಡಿ ಬರುವಂತಿಲ್ಲ. ಹೊರಗೆ, ಸ್ಟೂಲಿನ ಮುಂದೆ ಲಾರಿಗಳು ಸಾಲುಗಟ್ಟಿದವು.

ಕೊನೆಗೆ ಮೈದುನ ತಾನಾಗಿಯೇ ಹೊರಗೆ ಬಂದ. ಕೈಯೆಲ್ಲ ಮಸಿ.

"ಕೂಲರ್ ಕೂರಿಸಿದೀನಿ. ಪೈಪು ನೋಡಿ ಬನ್ನಿ."

"ಫಿಲ್ಟರು?"

ಅವನು ಎತ್ತಲೋ ನೋಡುತ್ತ, ಅದನ್ನೂ, ಎಂದ.

ಅವಳು ಎದ್ದು ಹಗ್ಗ ತೆಗೆದುಕೊಂಡಳು. ಅವನು ತುರುಕಿದ ಕಬ್ಬಿಣದ ತುಂಡನ್ನು ಕಿತ್ತು ಅವನ ಕೈಗೇ ಕೊಟ್ಟಳು. ಪೈಪುಗಳನ್ನು ಕೂಲರಿಗೆ ಸೇರಿಸಿ, ಕಾಯಿಸಿ, ಆರಿಸಿ, ಬಿಗಿ ಮಾಡಿ ಮುಗಿಸಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಕತ್ತರಿಸಿದ ಉಂಗುರಗಳನ್ನು ಗುಜರಿಗೆ ಎಸೆದು, ಹೊಸವನ್ನು ಸುತ್ತಿ ಸಿಕ್ಕಿಸಿದಳು.

ಒಳಗೇ ಬಂದು ಕೂತುಕೊಳ್ಳಿ ಎಂದು ಮೈದುನ ಎರಡು ಸಲ ಹೇಳಿದ. ಹೊರಗೆ ಬೆಳಕು ಚೆನ್ನಾಗಿದೆ ಎಂದಳು. ಆ ಸಂಜೆ ಪೈಪು ನೇತುಹಾಕಲು ಗ್ಯಾರೇಜಿನ ಹೊರಗೋಡೆಗೆ ಅವಳು ಮೊಳೆ ಹೊಡೆಯುವ ಸದ್ದು ಬೀದಿಯ ತುದಿಯವರೆಗೂ ಕೇಳಿಸಿತು. ಗೋಡೆ ಮೈದುನನದು, ಸುತ್ತಿಗೆಯೂ ಅವನದೇ.