ಹೆಬ್ಬೆರಳಷ್ಟು ಜಾಗ

ಶೂ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬೆರಳಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ ಅನುಮಾನ. ಹದಿನಾಲ್ಕು ವರ್ಷದಿಂದ ಅವಳ ಕೆಲಸ ಒಂದೇ: ತಯಾರಾಗಿ ಬಂದ ಮಕ್ಕಳ ಶೂ ಒಳಗೆ ಕೈ ತೂರಿಸುವುದು, ತುದಿಯ ತನಕ ಸವರಿ ನೋಡುವುದು. ಹೊಲಿಗೆಯ ಗಂಟು, ಒಣಗಿ ಗಟ್ಟಿಯಾದ ಅಂಟಿನ ಹನಿ, ಮಡಿಚಿಕೊಂಡ ಲೈನಿಂಗು, ಕಣ್ಣಿಗೆ ಕಾಣದ್ದೆಲ್ಲ ಅವಳ ಬೆರಳಿಗೆ ಸಿಗುತ್ತಿತ್ತು. ಸಿಕ್ಕಿತೋ, ಅಟ್ಟೆಯ ಮೇಲೆ ಕೆಂಪು ಸೀಮೆಸುಣ್ಣದ ಒಂದು ಗೀಟು. ಗೀಟು ಬಿದ್ದ ಶೂ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು.

ಒಮ್ಮೆ ಮೇಲ್ವಿಚಾರಕ ಅವಳು ಗೀಟು ಹಾಕಿದ ಶೂ ಒಳಗೆ ತಾನೇ ಕೈ ಹಾಕಿ, "ಏನೂ ಇಲ್ವಲ್ಲಮ್ಮ ಇಲ್ಲಿ" ಅಂದ. "ಸಾರ್, ನಿಮ್ಮದು ಪೆನ್ನು ಹಿಡಿಯೋ ಕೈ" ಎಂದು ಅವಳು ಎಲ್ಲರೆದುರಿಗೆ ಆ ಶೂ ಕೊಯ್ಯಿಸಿದಳು. ಒಳಗೆ ಅಕ್ಕಿ ಕಾಳಿನಷ್ಟು ಅಂಟು ಸಿಕ್ಕಿತು. ಅವತ್ತಿನಿಂದ ಮೇಲ್ವಿಚಾರಕ ಅವಳ ಮೇಜಿನ ಹತ್ತಿರ ಬಂದಾಗ ಬೇರೆಲ್ಲೋ ನೋಡಿಕೊಂಡು ದಾಟುತ್ತಿದ್ದ. "ಯಾವ ಮಗುವಿನ ಕಾಲಿಗೆ ಹೋಗುತ್ತೋ ಏನೋ, ಪಾಪ. ಅದಕ್ಕೆ ಬಾಯಿ ಬಿಟ್ಟು ಹೇಳೋಕೂ ಬರಲ್ಲ" ಎಂದು ಅವಳು ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳಿಕೊಡುತ್ತಿದ್ದಳು.

ಇಂಥ ಬೆರಳಕ್ಕ ಮನೆಯಲ್ಲಿ ಮಾತ್ರ ಶೂ ಮುಟ್ಟುತ್ತಿರಲಿಲ್ಲ. "ದಿನಕ್ಕೆ ಆರುನೂರು ಶೂ ಒಳಗೆ ಕೈ ಹಾಕಿದ್ದು ಸಾಲದಾ? ಮನೇಲಾದ್ರೂ ನನ್ನ ಕೈ ನನಗೆ ಬಿಡಿ" ಎನ್ನುತ್ತಿದ್ದಳು. ಸಾಮಾನಿನ ಗಾಡಿ ಓಡಿಸುವ ಗಂಡ ಭಾನುವಾರ ಸಂಜೆ ಮಗಳ ಶೂಗೆ ಪಾಲಿಶ್ ಹಾಕಿ ಮುಖ ಕಾಣುವ ಹಾಗೆ ಉಜ್ಜುತ್ತಿದ್ದ. "ಹೊರಗಿನ ಖಾತೆ ನಂದು, ಒಳಗಿನ ಖಾತೆ ನಿಂದು" ಎಂದು ಅವನು ಕಾಲೆಳೆದರೆ, "ಒಳಗಿನ ಖಾತೆಗೆ ಭಾನುವಾರ ರಜಾ" ಎಂದು ಅವಳು ಕಾಲು ಚಾಚಿ ಕೂರುತ್ತಿದ್ದಳು. ದುಡಿಯುವ ಹೆಂಗಸು, ಒಂದು ದಿನ ಹಾಗೆ ಕೂತರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಆ ನಿಯಮದಲ್ಲಿ ತಪ್ಪೇನೂ ಇರಲಿಲ್ಲ, ಆ ಒಂದು ಜೊತೆ ಶೂ ಮನೆಗೆ ಬರುವ ತನಕ.

ಮಗಳು ಮೂರನೇ ಕ್ಲಾಸಿಗೆ ಹೋದ ವರ್ಷ ಅದು. ಕಾರ್ಖಾನೆಯಲ್ಲಿ ಸಣ್ಣಪುಟ್ಟ ಕಲೆ ಬಿದ್ದ ಶೂಗಳನ್ನು ಕೆಲಸದವರಿಗೇ ಕೊಡುತ್ತಿದ್ದರು. ಮಗಳ ಅಳತೆಯದು ಇರಲಿಲ್ಲ. ಎರಡು ಅಳತೆ ದೊಡ್ಡದು ಒಂದು ಜೊತೆ ಇತ್ತು, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಬೆಳೆಯುವ ಕಾಲು, ಎರಡು ವರ್ಷ ನಿಶ್ಚಿಂತೆ ಎಂದುಕೊಂಡು ತಂದಳು. ಹಾಕಿ ನಡೆಸಿದರೆ ಕಾಲು ಒಂದು ಕಡೆ, ಶೂ ಒಂದು ಕಡೆ. ಬೇರೆ ಯಾರೇ ಆಗಿದ್ದರೂ ಮುಂದುಗಡೆ ಒಂದಿಷ್ಟು ಹಳೇ ಬಟ್ಟೆ ತುರುಕಿ ಸುಮ್ಮನಾಗುತ್ತಿದ್ದರು. ಬೆರಳಕ್ಕ ಹಾಗೆಲ್ಲ ಮಾಡುವವಳೇ? ಊಟದ ಬಿಡುವಿನಲ್ಲಿ ಕೂತು ಫೆಲ್ಟನ್ನು, ಅಂದರೆ ಉಣ್ಣೆ ಒತ್ತಿ ಮಾಡಿದ ದಪ್ಪ ಬಟ್ಟೆಯನ್ನು, ಶೂ ತುದಿಯ ಆಕಾರಕ್ಕೆ ಕತ್ತರಿಸಿ, ಮೂರು ಪದರ ಅಂಟಿಸಿ, ಮೇಲೆ ಲೈನಿಂಗು ಹೊದಿಸಿ, ಹೊಲಿಗೆ ಕಾಣದ ಹಾಗೆ ಹೊಲಿದು ಒಳಗೆ ಕೂರಿಸಿದಳು. ಹಳೇ ಬಟ್ಟೆಯಾಗಿದ್ದರೆ ಒಂದಲ್ಲ ಒಂದು ದಿನ ತಾನಾಗಿಯೇ ಈಚೆ ಬರುತ್ತಿತ್ತು. ಇದು ಶೂವಿನ ಜೊತೆಯೇ ಹುಟ್ಟಿದ್ದರ ಹಾಗೆ ಕೂತುಬಿಟ್ಟಿತು.

ಒಂದು ವರ್ಷ ಕಳೆದು, ರಜೆ ಮುಗಿದು, ಸ್ಕೂಲು ಶುರುವಾಗುವಾಗ ಕಿತ್ತು ತೆಗೆಯುವುದು ಎಂದು ಲೆಕ್ಕ ಹಾಕಿದ್ದಳು. ಸರಿಯಾಗಿ ಅದೇ ವಾರ ಅವಳನ್ನು ತಪಾಸಣೆ ಮೇಜಿಗೆ ಮುಖ್ಯಸ್ಥೆ ಮಾಡಿದರು. ಕೈಕೆಳಗೆ ಎಂಟು ಜನ, ಕುತ್ತಿಗೆಗೆ ನೀಲಿ ಪಟ್ಟಿಯ ಗುರುತುಚೀಟಿ. ಬೀದಿಯಲ್ಲಿ ಯಾರೂ ಕೇಳದಿದ್ದರೂ ಅವಳ ಮಾತು ಸುತ್ತಿಬಳಸಿ ಆ ವಿಷಯಕ್ಕೇ ಬರುತ್ತಿತ್ತು. ಆ ಸಡಗರದಲ್ಲಿ ಫೆಲ್ಟಿನ ವಿಷಯ ತಲೆಯಿಂದ ಅಳಿಸಿಯೇ ಹೋಯಿತು.

ನಾಲ್ಕನೇ ಕ್ಲಾಸು ಶುರುವಾಗಿ ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಮಗಳು ಬಾಗಿಲ ಹತ್ತಿರ ನಿಂತು, "ಅಮ್ಮಾ, ಶೂ ಕಚ್ಚುತ್ತೆ" ಅಂದಳು.

"ಎಲ್ಲಿ?"

"ಮುಂದೆ."

ಬೆರಳಕ್ಕ ಬಗ್ಗಿ ಶೂ ತುದಿಯನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿದಳು. ಕೆಳಗೆ ಮೆತ್ತಗೆ ಒಳಕ್ಕೆ ಹೋಯಿತು. ಹೋಗದೆ ಏನು, ಅಲ್ಲಿದ್ದದ್ದು ಅವಳೇ ಕೂರಿಸಿದ ಫೆಲ್ಟು. "ಇಷ್ಟು ಜಾಗ ಇದೆಯಲ್ಲೇ, ನನ್ನ ಹೆಬ್ಬೆರಳೇ ಹಿಡಿಯುತ್ತೆ. ಇನ್ನೊಂದು ವರ್ಷ ಬರುತ್ತೆ ಇದು. ಶೂ ವಿಷಯ ನನಗೇ ಹೇಳಿಕೊಡ್ತೀಯಾ?" ಅಂದಳು. ಹದಿನಾಲ್ಕು ವರ್ಷದ ಬೆರಳಿನ ಮುಂದೆ ಒಂಬತ್ತು ವರ್ಷದ ಹುಡುಗಿ ಏನು ವಾದ ಮಾಡಿಯಾಳು? ಮತ್ತೂ ಎರಡು ಮೂರು ಸಲ ಹೇಳಿ ನೋಡಿದಳು. ಪ್ರತಿ ಸಲವೂ ಅದೇ ಹೆಬ್ಬೆರಳು, ಅದೇ ತೀರ್ಪು. ಆಮೇಲೆ ಶೂ ಸುದ್ದಿ ಬಿಟ್ಟು ಹೊಟ್ಟೆನೋವು ಎನ್ನತೊಡಗಿದಳು.

ಹೊಟ್ಟೆನೋವು ದಿನಾ ಬೆಳಿಗ್ಗೆ ಬರುತ್ತಿತ್ತು, ರಜೆಯ ದಿನ ಬರುತ್ತಿರಲಿಲ್ಲ. ಇದು ಎಂಥ ಹೊಟ್ಟೆನೋವು ಎಂದು ತಿಳಿಯದಷ್ಟು ದಡ್ಡಿಯೇ ಬೆರಳಕ್ಕ? ಮಗಳು ದಾರಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಕಾರ್ಖಾನೆಯ ಬಸ್ಸು ತಪ್ಪೀತೆಂಬ ಆತುರದಲ್ಲಿ ಅಮ್ಮ ಕೈ ಹಿಡಿದು ದರದರ ಎಳೆದುಕೊಂಡು ಹೋಗುತ್ತಿದ್ದಳು. ಒಮ್ಮೆ ಮಗಳ ಕಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದ್ದು ಕಣ್ಣಿಗೆ ಬಿದ್ದಿತ್ತು. "ನೆಲ ನೋಡಿ ನಡಿ ಅಂದ್ರೆ ಕೇಳಲ್ಲ, ಎಲ್ಲೋ ಎಡವಿದೀಯ" ಎಂದು ಅದಕ್ಕೂ ಬೈದಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಪೋಷಕರ ಸಭೆಯ ದಿನ ಟೀಚರು, "ಆಟದ ಪೀರಿಯಡ್‌ನಲ್ಲಿ ಕೂತೇ ಇರ್ತಾಳೆ, ಕಾಲು ನೋವು ಅಂತಾಳೆ. ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೇಳಿದರು. ಒಳ್ಳೆಯ ಹೆಂಗಸು, ಕಾಳಜಿಯಿಂದಲೇ ಕೇಳಿದ್ದು. ಬೆರಳಕ್ಕನಿಗೆ ಮಾತ್ರ ತಲೆ ತಗ್ಗಿಸುವ ಹಾಗಾಯಿತು. "ನೋವೂ ಇಲ್ಲ ಏನೂ ಇಲ್ಲ ಟೀಚರ್. ಇವಳು ಮನೇಲೂ ಹೀಗೇ, ಒಂದು ಆಮೆ. ನೆಪ ಹೇಳಿದ್ರೆ ಕೇಳಬೇಡಿ, ಎಬ್ಬಿಸಿ ಓಡಿಸಿ" ಅಂದಳು. ಅಲ್ಲಿ ನಿಂತಿದ್ದ ನಾಲ್ಕೈದು ಮಕ್ಕಳು ಕಿಸಕ್ಕನೆ ನಕ್ಕವು. ಮಗಳೂ ನಕ್ಕಳು. ಮಾರನೆಯ ದಿನದಿಂದ ಕ್ಲಾಸಿನಲ್ಲಿ ಅವಳ ಹೆಸರು ಆಮೆ. ಟೀಚರು ಅಮ್ಮನ ಮಾತು ನಂಬಿ ಅವಳನ್ನು ಎಬ್ಬಿಸಿ ಓಡಿಸಿದರು.

ಒಂದು ಭಾನುವಾರ ಬೆಳಿಗ್ಗೆ ಬೆರಳಕ್ಕ ಬಟ್ಟೆ ನೆನೆಸಲು ಬಚ್ಚಲಿಗೆ ಹೋದರೆ, ಬಕೆಟ್ಟಿನ ನೀರಿನಲ್ಲಿ ಶೂ ಎರಡೂ ಮುಳುಗಿದ್ದವು. ಬಿದ್ದದ್ದಲ್ಲ, ತೇಲದಿರಲಿ ಎಂದು ಮೇಲೆ ಒಂದು ಕಲ್ಲನ್ನೂ ಹೇರಿಟ್ಟಿತ್ತು. ಅವಳಿಗೆ ಪಿತ್ತ ನೆತ್ತಿಗೇರಿತು.

"ಯಾರು ಮಾಡಿದ್ದು ಇದು?"

"ನಾನೇ" ಅಂದಳು ಮಗಳು. ಸುಳ್ಳು ಹೇಳುವ ಯೋಚನೆ ಕೂಡ ಅವಳು ಮಾಡಿರಲಿಲ್ಲ. "ಒದ್ದೆಯಾದ್ರೆ ನಾಳೆ ಸ್ಕೂಲಿಗೆ ಹಾಕ್ಕೊಂಡು ಹೋಗೋಕಾಗಲ್ಲ ಅಲ್ವಾ."

ಬೆರಳಕ್ಕನ ಕೈ ಮುಂದಾಯಿತು. ಕೆನ್ನೆಗೆ ಒಂದು ಬಿತ್ತು. ಮಗಳು ಅಳಲಿಲ್ಲ, ಹೋಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಳು.

ಅದೇ ಕೈಯಲ್ಲಿ ಬೆರಳಕ್ಕ ಹಳೇ ಪೇಪರು ತೆಗೆದುಕೊಂಡು, ಉಂಡೆ ಕಟ್ಟಿ, ನೀರು ಹೀರಲೆಂದು ಶೂ ಒಳಗೆ ತುರುಕಿದಳು. ಬಾಯಲ್ಲಿ ಬೈಗುಳ ನಡೆದೇ ಇತ್ತು. ಉಂಡೆ ತುದಿ ಮುಟ್ಟುವ ಮೊದಲೇ ನಿಂತಿತು. ತಳ್ಳಿದರೂ ಹೋಗಲಿಲ್ಲ. ಉಂಡೆ ತೆಗೆದು ಕೈ ಹಾಕಿದಳು. ಶೂ ಮುಗಿಯುವುದಕ್ಕೆ ಹೆಬ್ಬೆರಳಷ್ಟು ಮೊದಲೇ ಏನೋ ತಡೆಯಿತು. ನೀರು ಕುಡಿದು ಊದಿತ್ತು, ಅಂಚಿನಲ್ಲಿ ಒಂದೂವರೆ ವರ್ಷದ ಬೆವರಿಗೆ ಹಲಗೆಯ ಹಾಗೆ ಗಟ್ಟಿಯಾಗಿತ್ತು, ನಡುವೆ ಐದು ಸಣ್ಣ ಗುಳಿಗಳಿದ್ದವು. ಅಭ್ಯಾಸಬಲ, ಅವಳ ಎಡಗೈ ಪಕ್ಕದಲ್ಲಿ ಕೆಂಪು ಸೀಮೆಸುಣ್ಣಕ್ಕಾಗಿ ತಡಕಾಡಿತು. ಆಗ ನೆನಪಾಯಿತು. ಬೈಗುಳ ಬಾಯಲ್ಲೇ ನಿಂತುಹೋಯಿತು.

ಹೋಗಿ ಮಗಳ ಪಕ್ಕ ಕೂತು ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನ ಉಗುರು ಕಪ್ಪಾಗಿ ಅರ್ಧ ಎದ್ದಿತ್ತು. ಉಳಿದ ಬೆರಳುಗಳ ಗೆಣ್ಣಿನ ಮೇಲೆ ಚರ್ಮ ಒರಟಾಗಿ ಹಳದಿಗಟ್ಟಿತ್ತು. ಈ ಪಾದ ದಿನಾ ಇದೇ ಮನೆಯಲ್ಲಿ ಓಡಾಡುತ್ತಿತ್ತು.

"ಇಷ್ಟು ನೋವಿದ್ರೆ ಯಾಕೆ ಹೇಳ್ಲಿಲ್ಲ ಪುಟ್ಟಿ?"

ಮಗಳು ಅವಳ ಮುಖ ನೋಡಿದಳು. "ಹೇಳಿದ್ನಲ್ಲಮ್ಮ. ನೀನು ಒತ್ತಿ ನೋಡಿ ಜಾಗ ಇದೆ ಅಂದೆ." ಮತ್ತೆ ಸಮಾಧಾನ ಹೇಳುವವಳ ಹಾಗೆ, "ಶೂ ಅಂದ್ರೆ ಹಾಗೇ ಇರುತ್ತೆ, ನನ್ನ ಕಾಲೇ ಸರಿಯಿಲ್ಲ ಅಂದ್ಕೊಂಡೆ" ಅಂದಳು.

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಬೆರಳಕ್ಕನಿಗೆ. ದಿನಕ್ಕೆ ಮಕ್ಕಳ ಆರುನೂರು ಕಾಲಿಗೆ ಕಾವಲು ನಿಂತವಳು ತಾನು. ಬಾಯಿ ಬಿಟ್ಟು ಹೇಳಲು ಬಾರದ, ತಾನು ಮುಖವನ್ನೇ ನೋಡದ ಮಕ್ಕಳಿಗೆಲ್ಲ ಮರುಗಿದಳು. ಬಾಯಿ ಬಿಟ್ಟು ಹೇಳಿದ ಮಗು ಮನೆಯಲ್ಲಿತ್ತು, ಅದರ ಕೆನ್ನೆಗೆ ಹೊಡೆದಳು.

ಗಂಡ ಹಾಲು ತೆಗೆದುಕೊಂಡು ಬರುವ ಹೊತ್ತಿಗೆ ಅವಳು ಅಂಗಳದಲ್ಲಿ ಕೂತು ಚಾಕುವಿನಿಂದ ಫೆಲ್ಟು ಕೀಳುತ್ತಿದ್ದಳು. ಅದು ಬರುತ್ತಿರಲಿಲ್ಲ. ಹೊಲಿಗೆ ಅಷ್ಟು ಗಟ್ಟಿ, ಅವಳದೇ ಕೈಕೆಲಸ. ಅವನಿಗೆ ವಿಷಯ ತಿಳಿಯಲು ಎರಡು ನಿಮಿಷ ಬೇಕಾಯಿತು. "ನಾನೂ ವಾರ ವಾರ ಕೈಯಲ್ಲಿ ಹಿಡಿದು ಉಜ್ಜಿದೆ ಕಣೆ. ಹೊರಗೆ ಹೊಳೀತಿತ್ತು, ಅಷ್ಟೇ ನೋಡ್ದೆ" ಅಂದ. ಅವನು ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದು ಹಗುರಾಗಬಹುದಿತ್ತು. ಅದೂ ಆಗಲಿಲ್ಲ.

ಸೋಮವಾರ ಅವಳು ರಜೆ ಹಾಕಿದಳು. ಮಗಳಿಗೆ ಚಪ್ಪಲಿ ಹಾಕಿಸಿ, ಅವಳ ನಡಿಗೆಯಲ್ಲೇ ನಡೆದು ಸ್ಕೂಲು ತಲುಪಿದಳು. ಟೀಚರಿಗೆ ಎಲ್ಲ ಹೇಳಿ, ಕ್ಲಾಸಿನ ಮುಂದೆ ಎರಡು ಮಾತಾಡಲು ಅಪ್ಪಣೆ ಕೇಳಿದಳು. ಎಂಟು ಜನರ ಮೇಲೆ ದರ್ಬಾರು ಮಾಡುವವಳಿಗೆ ನಲವತ್ತು ಮಕ್ಕಳ ಮುಂದೆ ಸೆರಗು ಸರಿಮಾಡಿಕೊಳ್ಳುವುದೇ ಕೆಲಸವಾಯಿತು.

"ಇವಳು ನಿಧಾನ ಅಲ್ಲ. ಇವಳ ಶೂ ಒಳಗೆ ನಾನೇ ಒಂದು ದಪ್ಪ ಬಟ್ಟೆ ಹೊಲಿದು, ತೆಗೆಯೋದು ಮರೆತಿದ್ದೆ. ನೋಯುತ್ತೆ ಅಂತ ಇವಳು ಹೇಳಿದ್ಲು, ನಾನು ನಂಬಲಿಲ್ಲ. ಆಮೆ ಅಂತ ಹೆಸರಿಟ್ಟಿದ್ದೂ ನಾನೇ. ಅದನ್ನ ನಾನು ವಾಪಸ್ ತಗೋತೀನಿ, ನೀವೂ ಕೊಟ್ಬಿಡಿ" ಅಂದಳು.

ಹಿಂದಿನ ಬೆಂಚಿನ ಒಬ್ಬ, "ಹಾಗಾದ್ರೆ ಇನ್ಮೇಲೆ ಇವಳು ಓಡ್ತಾಳಾ ಆಂಟಿ?" ಎಂದು ಕೇಳಿದ. "ಓಡ್ತಾಳೆ" ಅಂದಳು ಬೆರಳಕ್ಕ. ಮಗಳು ನಾಚಿಕೆಯಿಂದ ಕೆಂಪಾಗಿ, "ಸಾಕು ಹೋಗಮ್ಮ" ಎಂದು ಸೆರಗು ಜಗ್ಗಿದಳು. ಆದರೆ ಜಗ್ಗಿದ ಕೈ ತಕ್ಷಣ ಬಿಡಲಿಲ್ಲ, ಅದನ್ನು ಅಮ್ಮ ಗಮನಿಸಿದಳು. ಎದೆಯ ಭಾರ ಒಂದಿಷ್ಟು ಇಳಿದ ಹಾಗಾಯಿತು.

ಸಂಜೆ ಅಂಗಡಿಗೆ ಕರೆದುಕೊಂಡು ಹೋದಳು. ಇಡೀ ದಿನ ನಡೆದಾಡಿದ ಕಾಲು ಸಂಜೆಗೆ ಸ್ವಲ್ಪ ಹಿಗ್ಗಿರುತ್ತದೆ, ಅಳತೆಗೆ ಅದೇ ಸರಿಯಾದ ಹೊತ್ತು. ಮಗಳನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಅಂಗಡಿಯವನು ತೆಗೆದುಕೊಟ್ಟ ಒಂದೊಂದು ಶೂ ಒಳಗೂ ಮಣಿಕಟ್ಟು ಮುಳುಗುವಷ್ಟು ಕೈ ತೂರಿಸಿದಳು. "ಏನಮ್ಮಾ, ಶೂ ತಗೊಳ್ತಿದೀರಾ, ಕಳ್ಳನ್ನ ಹುಡುಕ್ತಿದೀರಾ?" ಎಂದು ಅವನು ನಕ್ಕ. ಏಳನೆಯ ಜೊತೆ ಒಪ್ಪಿಗೆಯಾಯಿತು. ನೆಲದ ಮೇಲೆ ಮೊಣಕಾಲೂರಿ ಮಗಳಿಗೆ ತಾನೇ ತೊಡಿಸಿ, ಲೇಸು ಕಟ್ಟಿ, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿದಳು.

ಒಂದು ಬೆರಳಿನ ಜಾಗ ಇರಬೇಕಿತ್ತು. ಎರಡು ಬೆರಳಿನಷ್ಟಿತ್ತು. ಕಾಗದ ನೋಡಿದಳು, ಅಳತೆ ಸರಿಯಾಗಿಯೇ ಇತ್ತು. ಮತ್ತೆ ಒತ್ತಿ, ನಿಧಾನವಾಗಿ ಹಿಂದಕ್ಕೆ ಸವರಿದಳು. ಶೂವಿನ ಮೇಲಿನಿಂದಲೇ ಕೈಗೆ ಗೆಣ್ಣುಗಳು ಸಿಕ್ಕವು. ಐದೂ ಬೆರಳು ಒಳಕ್ಕೆ ಮಡಿಚಿಕೊಂಡಿದ್ದವು. ಬಿಚ್ಚಿದಳು, ಪಾದ ಹೊರಗೆ ಬಂದ ಕೂಡಲೇ ಬೆರಳು ನೆಟ್ಟಗಾದವು. ಮತ್ತೆ ತೊಡಿಸಿದಳು. ಹಿಮ್ಮಡಿ ಒಳಗೆ ಇಳಿಯುವ ಮೊದಲೇ ಅವು ಹಳೇ ಶೂವಿನ ಅಭ್ಯಾಸಕ್ಕೆ ಮತ್ತೆ ಮುದುಡಿಕೊಂಡವು.

"ಬೆರಳು ಚಾಚು ಪುಟ್ಟಿ."

"ಚಾಚಿದ್ದೀನಲ್ಲಮ್ಮ" ಅಂದಳು ಮಗಳು.

ಈ ಸಲ ಹೆಬ್ಬೆರಳು ಹೇಳುತ್ತಿದ್ದುದು ನಿಜವಾಗಿತ್ತು, ಮಗಳು ಹೇಳುತ್ತಿದ್ದುದು ಅಲ್ಲ. ಅದನ್ನು ಬಾಯಿ ಬಿಟ್ಟು ಹೇಳಲು ಬೆರಳಕ್ಕನಿಗೆ ಆಗಲಿಲ್ಲ.

"ಅಳತೆ ಸರಿ ಇದೆಯಾಮ್ಮ?" ಎಂದು ಅಂಗಡಿಯವನು ಕೇಳಿದ.

"ಸರಿ ಇದೆ. ಸ್ವಲ್ಪ ಹೊತ್ತು ಹೀಗೇ ಕೂತಿರ್ತೀವಿ" ಅಂದಳು. ಶೂ ಬಿಚ್ಚಿ, ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ನೀವಿ ನೆಟ್ಟಗೆ ಮಾಡತೊಡಗಿದಳು.